ನೂರಾ ಹದಿನೆಂಟರ ಕೊನೆಯ ಸೀಸೆ

ಫೆಬ್ರವರಿ ೪

ಪ್ರಶ್ನೆ ಡಬ್ಬಿಗೆ ಉತ್ತರ ಬರೆಯುವವರಿಗೆ,

ನಿಮ್ಮ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದ ಕೌಂಟರಿನ ಮೇಲೆ ಬೀಗ ಹಾಕಿದ ಒಂದು ತಗಡಿನ ಡಬ್ಬಿ ಇದೆ. ‘ಏನು ಬೇಕಾದರೂ ಕೇಳಿ, ಹೆಸರು ಬರೆಯಬೇಡಿ’ ಎಂದು ಅದರ ಮೇಲೆ ಅಂಟಿಸಿದ್ದಾರೆ. ಅದನ್ನು ಇಡಿಸಿದ್ದು ನಾವೇ, ರೋಗಿಗಳ ಪರವಾಗಿ ಕೂರುವ ಸಲಹಾ ಸಮಿತಿಯವರು. ಎರಡು ವರ್ಷ ಜಗಳವಾಡಿ ಇಡಿಸಿದೆವು. ಇಟ್ಟ ಮೇಲೆ ಅದರೊಳಗೆ ಬಿದ್ದದ್ದು ಎರಡೇ ಚೀಟಿ. ಒಂದು, ಶೌಚಾಲಯದ ಚಿಲಕ ಸರಿಯಿಲ್ಲ ಎಂದು. ಇನ್ನೊಂದು ಖಾಲಿ ಕಾಗದ. ಮಾನ ಉಳಿಸಿಕೊಳ್ಳಲಿಕ್ಕಾದರೂ ನಾನೊಂದು ಬರೆಯಬೇಕಲ್ಲ.

ನಾನು ದರ್ಜಿ. ಎಚ್‌ಐವಿ ಇದೆಯೆಂದು ಗೊತ್ತಾದಾಗ ಮೂವತ್ತಾರು ವರ್ಷ, ಈಗ ಐವತ್ತೇಳು. ಮಾತ್ರೆ ನುಂಗುತ್ತೇನೆ, ಗುಂಡುಕಲ್ಲಿನ ಹಾಗಿದ್ದೇನೆ. ಇಪ್ಪತ್ತೊಂದು ವರ್ಷದಿಂದ ನಾಲ್ಕು ತಿಂಗಳಿಗೊಮ್ಮೆ ಬಂದು ತೋಳು ಚಾಚಿ ಕೂತಿದ್ದೇನೆ. ತೆಗೆದದ್ದೆಲ್ಲ ಸೇರಿಸಿದರೆ ಒಂದು ಕೊಡವಾದೀತು. ನನ್ನ ಪ್ರಶ್ನೆ ಇಷ್ಟೇ: ಅದೆಲ್ಲ ಎಲ್ಲಿದೆ?

ಇನ್ನೊಂದು ಪ್ರಶ್ನೆ. ನನ್ನ ನಂಬರು ನೂರಾ ಹದಿನೇಳು. ನೂರಾ ಹದಿನೆಂಟರದ್ದು ಏನಾದರೂ ಉಳಿದಿದೆಯೇ?

ಇಂತಿ,
ನೂರಾ ಹದಿನೇಳು


ಫೆಬ್ರವರಿ ೧೯

ನೂರಾ ಹದಿನೇಳನೆಯವರಿಗೆ ನಮಸ್ಕಾರಗಳು.

ತಮ್ಮ ಪ್ರಶ್ನೆಗೆ ಉತ್ತರಿಸುವಂತೆ ನಿರ್ದೇಶಕರು ನನಗೆ ಸೂಚಿಸಿದ್ದಾರೆ. ನಾನು ವಿಜ್ಞಾನಿಯಲ್ಲ, ವೈದ್ಯನೂ ಅಲ್ಲ. ಕೇಂದ್ರದ ನೆಲಮಾಳಿಗೆಯಲ್ಲಿ ರಕ್ತದ ಮಾದರಿಗಳ ಉಗ್ರಾಣವಿದೆ. ಅದರ ಬೀಗದ ಕೈ ನನ್ನ ಹತ್ತಿರ ಇರುತ್ತದೆ.

ತಮ್ಮ ರಕ್ತವನ್ನು ಮೇಲಿನ ಪ್ರಯೋಗಾಲಯದಲ್ಲಿ ಬೇರ್ಪಡಿಸಿ, ಅದರ ಬಿಳಿ ಕಣಗಳನ್ನು ಕಿರುಬೆರಳಿನಷ್ಟಿರುವ ಸೀಸೆಗಳಲ್ಲಿ ತುಂಬಿ ಕೆಳಗೆ ಕಳಿಸುತ್ತಾರೆ. ನಾನು ಅವನ್ನು ಉಕ್ಕಿನ ಟ್ಯಾಂಕಿನೊಳಗೆ ಇಳಿಸುತ್ತೇನೆ. ಟ್ಯಾಂಕಿನ ತಳದಲ್ಲಿ ದ್ರವ ಸಾರಜನಕ ಇರುತ್ತದೆ. ಅಲ್ಲಿನದು ಮನೆಯ ಫ್ರಿಜ್ಜಿನ ಚಳಿಯಲ್ಲ, ಸೊನ್ನೆಗಿಂತ ನೂರಾ ಎಂಬತ್ತು ಡಿಗ್ರಿ ಕೆಳಗಿನದು. ಆ ಚಳಿಯಲ್ಲಿ ಯಾವುದೂ ಕೊಳೆಯುವುದಿಲ್ಲ, ಬೆಳೆಯುವುದೂ ಇಲ್ಲ. ಈ ದಿನ ತಮ್ಮ ಹೆಸರಿನಲ್ಲಿ, ಅಂದರೆ ತಮ್ಮ ನಂಬರಿನಲ್ಲಿ, ಅರವತ್ತನಾಲ್ಕು ಸೀಸೆಗಳಿವೆ. ತಮ್ಮ ಮಾದರಿಗಳು ಸುರಕ್ಷಿತವಾಗಿವೆ.

ಇನ್ನೊಬ್ಬರ ನಂಬರಿನ ಬಗ್ಗೆ ತಿಳಿಸಲು ನಿಯಮದಲ್ಲಿ ಅವಕಾಶವಿಲ್ಲ. ಕ್ಷಮಿಸಬೇಕು.

ತಮ್ಮ ವಿಶ್ವಾಸಿ,
ಮಾದರಿ ಉಗ್ರಾಣದ ಮೇಲ್ವಿಚಾರಕ


ಮಾರ್ಚ್ ೨

ಉಗ್ರಾಣದವರಿಗೆ,

ನಿಮ್ಮ ಕಾಗದ ಓದಿ ನಗು ಬಂತು. ಬ್ಯಾಂಕಿನವರು ಬರೆದ ಹಾಗಿದೆ. ಆದರೂ ಅರವತ್ತನಾಲ್ಕು ಎಂದು ಎಣಿಸಿ ಹೇಳಿದಿರಲ್ಲ, ಅದಕ್ಕೆ ಸಂತೋಷ. ನನ್ನನ್ನು ಯಾರೂ ಅಷ್ಟು ಸಲ ಎಣಿಸಿಲ್ಲ.

ನೂರಾ ಹದಿನೆಂಟು ‘ಇನ್ನೊಬ್ಬರು’ ಅಲ್ಲ. ನನ್ನ ಯಜಮಾನರು. ಇಬ್ಬರೂ ಒಂದೇ ದಿನ ಸಹಿ ಹಾಕಿ ಸೇರಿದೆವು, ಪಕ್ಕಪಕ್ಕದ ಕುರ್ಚಿ, ಪಕ್ಕಪಕ್ಕದ ನಂಬರು. ಸಂಬಂಧದ ದಾಖಲೆಯನ್ನು ಕೌಂಟರಿನ ನರ್ಸಮ್ಮನ ಕೈಗೆ ಕೊಟ್ಟಿದ್ದೇನೆ. ಇನ್ನು ನಿಮ್ಮ ನಿಯಮಕ್ಕೆ ಬಾಯಿ ಇರಲಾರದು.

ಅವರು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದರು. ಯಾರ ಮನೆಯ ಮದುವೆ ಪತ್ರಿಕೆ ಬಂದರೂ ಮೊದಲು ತಪ್ಪು ಹುಡುಕಿ, ಆಮೇಲೆ ಮದುವೆ ಯಾವತ್ತು ಎಂದು ನೋಡುತ್ತಿದ್ದರು. ಮಹಾ ಚಳಿಗಾರ. ಬೇಸಿಗೆಯಲ್ಲೂ ಸ್ವೆಟರು. ‘ಚಳಿರಾಯ’ ಎಂದೇ ಕರೆಯುತ್ತಿದ್ದೆ. ಅವರಿಗೆ ಈ ಕಾಯಿಲೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಊರವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿದವರು ತಮ್ಮದೊಂದನ್ನು ಹೇಳದೆ ಹೋದರು. ಮೊದಮೊದಲು ಕೋಪವಿತ್ತು. ಆಮೇಲೆ ಅವರಿಗೆ ಗಂಜಿ ಕುಡಿಸುವುದೇ ದಿನದ ಕೆಲಸವಾಯಿತು, ಕೋಪಕ್ಕೆ ಬಿಡುವು ಸಿಗಲಿಲ್ಲ. ಮಾತ್ರೆ ನಮ್ಮಂಥವರ ಕೈಗೆ ಬರುವಷ್ಟರಲ್ಲಿ ಅವರು ಇಳಿದುಹೋಗಿದ್ದರು. ಅವರು ಹೋಗಿ ಹದಿನೆಂಟು ವರ್ಷವಾಯಿತು.

ನನ್ನ ಮಗ ಆಗ ಹನ್ನೊಂದು ವರ್ಷದವನು. ಅಪ್ಪ ಶ್ವಾಸಕೋಶದ ಕಾಯಿಲೆಯಿಂದ ಹೋದರು ಎಂದೇ ಅವನಿಗೆ ಇವತ್ತಿಗೂ ಗೊತ್ತು. ಅವನ ಮನೆಯಲ್ಲೇ ಇದ್ದೇನೆ. ನನ್ನ ಮಾತ್ರೆ ಗುಂಡಿಗಳ ಡಬ್ಬಿಯ ತಳದಲ್ಲಿರುತ್ತದೆ. ಗುಂಡಿ ಯಾರಿಗೆ ಬೇಕು?

ಹೇಳಿ. ಏನಾದರೂ ಉಳಿದಿದೆಯೇ?

ನೂರಾ ಹದಿನೇಳು


ಮಾರ್ಚ್ ೨೦

ನೂರಾ ಹದಿನೇಳನೆಯವರಿಗೆ,

ದಾಖಲೆ ನೋಡಿ ನಿರ್ದೇಶಕರು ಅನುಮತಿ ಕೊಟ್ಟರು. ಉಳಿದಿದೆ. ಒಂದು.

ಮೂರನೆಯ ಟ್ಯಾಂಕು, ಏಳನೆಯ ಚೌಕಟ್ಟು, ಎರಡನೆಯ ಪೆಟ್ಟಿಗೆ, ನಾಲ್ಕನೆಯ ಸಾಲಿನಲ್ಲಿ ಒಂಬತ್ತನೆಯ ಗೂಡು. ಈಗಿನ ಸೀಸೆಗಳ ಮೇಲೆ ಯಂತ್ರ ಅಚ್ಚು ಹಾಕುತ್ತದೆ. ಅದರ ಮೇಲೆ ಮಾತ್ರ ಕೈಬರಹವಿದೆ, ನೀಲಿ ಶಾಯಿ. ಅವರು ಮಾತ್ರೆ ಶುರುಮಾಡುವ ಮುಂಚಿನ ವರ್ಷದ್ದು. ಅವರು ಕೊಟ್ಟ ಉಳಿದ ಹದಿನಾಲ್ಕು ಬೇರೆ ಬೇರೆ ಅಧ್ಯಯನಗಳಿಗೆ ಬಳಕೆಯಾಗಿವೆ. ನಾನು ಅದನ್ನು ಹೊರಗೆ ತೆಗೆಯಲಿಲ್ಲ. ಮುಚ್ಚಳ ಎತ್ತಿ, ಹಬೆ ಸರಿಯುವವರೆಗೆ ಕಾದು, ನೋಡಿ, ಮುಚ್ಚಿದೆ.

ತಾವು ಇಷ್ಟು ಬರೆದ ಮೇಲೆ ನಾನೂ ಒಂದು ಮಾತು ಬರೆಯುತ್ತೇನೆ. ಈ ನೆಲಮಾಳಿಗೆಯಲ್ಲಿ ಎರಡು ಸಾವಿರದ ಮುನ್ನೂರು ಜನರ ಸೀಸೆಗಳಿವೆ. ಹನ್ನೊಂದು ವರ್ಷದಿಂದ ಪ್ರತಿದಿನ ಅವರ ನಡುವೆ ಇದ್ದೇನೆ, ಒಬ್ಬರ ಮುಖವೂ ಗೊತ್ತಿಲ್ಲ. ಗೊತ್ತಾಗಬಾರದು ಎಂಬುದೇ ನಿಯಮ, ಒಳ್ಳೆಯ ನಿಯಮ. ಆದರೆ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಎದುರಿನ ಬೆಂಚಿನವರನ್ನು ನೋಡಿ, ಇವರು ಎಷ್ಟನೆಯವರಿರಬಹುದು ಎನ್ನಿಸುತ್ತದೆ. ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ಬೇರೆ ಹೋಗಿ ಆರು ವರ್ಷ. ಮಗಳು ಭಾನುವಾರ ಫೋನು ಮಾಡುತ್ತಾಳೆ. ‘ಊಟ ಆಯ್ತಾ?’ ‘ಆಯ್ತು.’ ‘ಓದ್ತಿದೀಯಾ?’ ‘ಹೂಂ.’ ಅಷ್ಟರಲ್ಲಿ ಮುಗಿಯುತ್ತದೆ.

ಕೈಗವಸು ಎಲ್ಲರಿಗೂ ಒಂದೇ ಅಳತೆಯದು, ನನಗೆ ದೊಡ್ಡದು. ಬೆರಳ ತುದಿಯಿಂದ ಚಳಿ ಒಳಗೆ ಬರುತ್ತದೆ. ಆದ್ದರಿಂದ ಅಕ್ಷರ ಸೊಟ್ಟವಾಗಿದ್ದರೆ ಮನ್ನಿಸಿ.

ಉಗ್ರಾಣದವನು


ಏಪ್ರಿಲ್ ೯

ತಮ್ಮಾ,

ನಂಬರಿಗೆ ನಮಸ್ಕಾರ ಹಾಕಿದ್ದು ಸಾಕು. ನನ್ನನ್ನು ಅಕ್ಕಾ ಎನ್ನಿ. ನಿಯಮದಲ್ಲಿ ಹೆಸರು ಬರೆಯಬೇಡಿ ಎಂದಿದೆ, ಅಕ್ಕ ಎನ್ನಬೇಡಿ ಎಂದಿಲ್ಲ.

ಕಾಗದ ಬಂದ ದಿನ ಹೊಲಿಯಲಿಕ್ಕೆ ಆಗಲಿಲ್ಲ. ಮೂರನೆಯ ಟ್ಯಾಂಕು, ಏಳನೆಯ ಚೌಕಟ್ಟು, ಎರಡನೆಯ ಪೆಟ್ಟಿಗೆ, ನಾಲ್ಕನೆಯ ಸಾಲು, ಒಂಬತ್ತನೆಯ ಗೂಡು. ಬಾಯಿಪಾಠವಾಗಿದೆ. ಅವರು ಎಲ್ಲಿದ್ದಾರೆ ಎಂದು ಇಷ್ಟು ಖಚಿತವಾಗಿ ನನಗೆ ಅವರು ಬದುಕಿದ್ದಾಗಲೂ ಗೊತ್ತಿರಲಿಲ್ಲ! ಅಂಥ ಚಳಿಗಾರನನ್ನು ಅಂಥ ಜಾಗದಲ್ಲಿ ಇಟ್ಟಿದ್ದೀರಲ್ಲ ಎಂದು ನಕ್ಕೆ. ನಗುತ್ತ ನಗುತ್ತ ಅತ್ತುಬಿಟ್ಟೆ. ಸೊಸೆ ಬಂದು, ‘ಏನಾಯ್ತತ್ತೆ?’ ಎಂದಳು. ಸೂಜಿ ಚುಚ್ಚಿತು ಎಂದೆ. ನಲವತ್ತು ವರ್ಷ ಹೊಲಿದ ದರ್ಜಿಗೆ ಸೂಜಿ ಚುಚ್ಚುತ್ತದೆಯೇ? ಅವಳು ನಂಬಿದಳು.

ಒಂದು ಕಾಗದದ ಮೇಲೆ ನಿಮ್ಮ ಅಂಗೈ ಊರಿ, ಸುತ್ತ ಪೆನ್ಸಿಲಿನಿಂದ ಗೀಟು ಹಾಕಿ ಕಳಿಸಿ. ಆ ದೊಡ್ಡ ಕೈಗವಸಿನೊಳಗೆ ಹಾಕಿಕೊಳ್ಳಲು ಉಣ್ಣೆಯದೊಂದು ಜೊತೆ ಹೊಲಿದು ಕೊಡುತ್ತೇನೆ. ಅಂಗೈಗೆ ಹೆಸರಿಲ್ಲ, ಮುಖವಿಲ್ಲ. ಯಾವ ನಿಯಮವೂ ಮುರಿಯುವುದಿಲ್ಲ.

ಅಕ್ಕ


ಏಪ್ರಿಲ್ ೨೫

ಅಕ್ಕಾ,

ಎರಡೂ ಅಂಗೈಯ ಗೀಟು ಇದರ ಜೊತೆಗಿದೆ. ಬಲಗೈಯ ಗೀಟನ್ನು ಎಡಗೈಯಲ್ಲಿ ಹಾಕಿದ್ದರಿಂದ ಹೆಬ್ಬೆರಳು ಕುಂಬಳಕಾಯಿಯಂತಾಗಿದೆ. ಅಷ್ಟು ದಪ್ಪವಿಲ್ಲ.

ಬೆಳಿಗ್ಗೆ ಬಂದ ಕೂಡಲೇ ಎಲ್ಲ ಟ್ಯಾಂಕುಗಳ ಮಟ್ಟ ನೋಡುವುದು ನನ್ನ ಕೆಲಸ. ಈಗ ಮೂರನೆಯದನ್ನು ಮೊದಲು ನೋಡುತ್ತೇನೆ.

ತಮ್ಮ


ಮೇ ೨೭

ತಮ್ಮಾ,

ಕೈಗವಸಿಗೆ ಬಟ್ಟೆ ಕತ್ತರಿಸಿದೆ. ಆದರೆ ಇವತ್ತು ಬರೆಯುವ ವಿಷಯ ಬೇರೆ.

ಮೊನ್ನೆ ಸಮಿತಿಯ ಸಭೆಗೆ ಹೊಸ ಡಾಕ್ಟರಮ್ಮ ಬಂದಿದ್ದಳು. ದಪ್ಪ ಕನ್ನಡಕ, ಸಣ್ಣ ದನಿ, ನನ್ನ ಸೊಸೆಯ ವಯಸ್ಸು. ಮಾತ್ರೆ ತೆಗೆದುಕೊಂಡರೆ ವೈರಸ್ಸು ಮೂಲೆಗೆ ಹೋಗಿ ಅಡಗುತ್ತದೆ, ನಿಲ್ಲಿಸಿದರೆ ಎದ್ದು ಬರುತ್ತದೆ. ಅದು ಅಡಗುವ ಜಾಗವನ್ನು ಮೊದಲು ಹಿಡಿದದ್ದು ಯಾವಾಗ, ಯಾವ ಕಣದಲ್ಲಿ ಎಂದು ಅವಳು ಹುಡುಕುತ್ತಿದ್ದಾಳೆ. ಅದಕ್ಕೆ ಮಾತ್ರೆ ಶುರುವಾಗುವ ಮುಂಚಿನ ರಕ್ತವೇ ಬೇಕು. ಈಗ ಎಲ್ಲರೂ ಮಾತ್ರೆಯಲ್ಲಿದ್ದೇವೆ, ಅಂಥ ರಕ್ತ ಇನ್ನು ಹುಟ್ಟುವುದಿಲ್ಲ. ಗಂಡ ಹೆಂಡತಿ ಇಬ್ಬರದ್ದೂ ಇರುವ ಜೋಡಿ ಆರೇ ಅಂತೆ. ಆರರಲ್ಲಿ ನಾವೊಂದು. ನನ್ನದು ಬೇಕಾದಷ್ಟಿದೆ. ಅವರದ್ದು ಒಂದೇ. ಕರಗಿಸಿದರೆ ಮುಗಿಯಿತು.

ಈಗ ಕೇಳಿ ನನ್ನ ಬುದ್ಧಿವಂತಿಕೆಯನ್ನು. ಎಂಟು ವರ್ಷದ ಹಿಂದೆ, ತೀರಿಕೊಂಡ ಒಬ್ಬ ತಾಯಿಯ ಕೊನೆಯ ಸೀಸೆಯನ್ನು ಮಕ್ಕಳನ್ನು ಕೇಳದೆ ಬಳಸಿಬಿಟ್ಟರು. ಆಗ ಸಮಿತಿಯಲ್ಲಿ ಮೇಜು ಕುಟ್ಟಿ ನಿಯಮ ಮಾಡಿಸಿದವಳು ನಾನು: ತೀರಿಕೊಂಡವರ ಕೊನೆಯ ಸೀಸೆ ಮುಟ್ಟಬೇಕಾದರೆ ಗಂಡನೋ ಹೆಂಡತಿಯೋ ಒಪ್ಪಿದರೆ ಸಾಲದು, ದೊಡ್ಡವರಾದ ಮಕ್ಕಳೂ ವಿಷಯ ತಿಳಿದು ಸಹಿ ಹಾಕಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೇ ತೋಡಿದ ಗುಂಡಿಗೆ ನಾನೇ ಬಿದ್ದೆ.

ಮಗನಿಗೆ ಹೇಳದೆ ಕೊಡುವಂತಿಲ್ಲ. ಹೇಳಿದರೆ ಅವನ ಕಣ್ಣಿನಲ್ಲಿ ಅಪ್ಪ ಏನಾಗುತ್ತಾರೆ, ನಾನೇನಾಗುತ್ತೇನೆ? ಕೊಡುವುದಿಲ್ಲ ಎನ್ನಲೇ? ಆ ಹುಡುಗಿ ಕಾಗದ ಹಿಡಿದು ನಿಂತಿದ್ದಳು. ಅವಳ ಕೆಲಸ ಫಲಿಸಿದರೆ ನನ್ನಂಥ ಇನ್ನೊಬ್ಬಳ ಡಬ್ಬಿಯಲ್ಲಿ ಬರೀ ಗುಂಡಿಗಳೇ ಇರಬಹುದು. ಮನಸ್ಸು ಅತ್ತ ದರಿ ಇತ್ತ ಪುಲಿ. ಒಂದು ತಿಂಗಳ ಗಡುವು ಕೊಟ್ಟಿದ್ದಾರೆ. ಯಾರನ್ನು ಕೇಳಲಿ? ನಿಮ್ಮ ಹೊರತು ಈ ಭೂಮಿಯ ಮೇಲೆ ನನಗೆ ಇದನ್ನು ಬರೆಯಲು ಒಬ್ಬರೂ ಇಲ್ಲ.

ಅಕ್ಕ


ಜೂನ್ ೪

ಅಕ್ಕಾ,

ಇದನ್ನು ನನಗೆ ಬಿಡಿ. ನೀವು ಯಾರಿಗೂ ಏನೂ ಹೇಳಬೇಕಾಗಿ ಬರುವುದಿಲ್ಲ. ಹೆಚ್ಚು ಬರೆಯಲಾರೆ. ನೆಮ್ಮದಿಯಾಗಿರಿ.

ತಮ್ಮ


ಜುಲೈ ೧

ತಮ್ಮಾ,

ನಿಮ್ಮ ಎರಡು ಸಾಲಿನ ಚೀಟಿ ಬಂದಿತ್ತು. ಸಮಾಧಾನಕ್ಕೆ ಬರೆದಿದ್ದೀರಿ ಎಂದುಕೊಂಡೆ. ಅದನ್ನು ಓದುವಷ್ಟರಲ್ಲಿ ನಾನು ಹೇಳಿ ಆಗಿತ್ತು.

ಭಾನುವಾರ ಬೆಳಿಗ್ಗೆ ಮಗ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ನಾನು ಗುಂಡಿಯ ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ. ಗುಂಡಿಗಳೆಲ್ಲ ಉರುಳಿ ಹೋದವು, ಮಾತ್ರೆಯ ಸೀಸೆ ಉಳಿಯಿತು. ಎಲ್ಲ ಹೇಳಿದೆ. ಅವನು ಮೊದಲು ಕೇಳಿದ್ದು ಇದು:

“ನಂಗೂ ಇದ್ಯಾ?”

“ಇಲ್ಲಪ್ಪ. ನಿಂಗೆ ಎಂಟು ವರ್ಷ ಇದ್ದಾಗ್ಲೇ ಪರೀಕ್ಷೆ ಮಾಡ್ಸಿದೀನಿ. ನೀನು ಹುಟ್ಟಿದ್ದು ಇದೆಲ್ಲ ಬರೋಕೆ ಮುಂಚೆ.”

“ಅಪ್ಪನಿಗೆ ಶ್ವಾಸಕೋಶ ಅಂದಿದ್ದು?”

“ಕೊನೇಲಿ ಶ್ವಾಸಕೋಶಾನೂ ಹೋಗಿತ್ತು. ಅದು ಸುಳ್ಳಲ್ಲ. ಪೂರ್ತಿ ನಿಜಾನೂ ಅಲ್ಲ.”

“ಹದಿನೆಂಟು ವರ್ಷ ಅಮ್ಮ. ಒಂದೇ ಮನೇಲಿ.”

ಅಷ್ಟೇ. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಸುಕ್ಕಿನ ಅಂಗಿಯನ್ನೇ ಹಾಕಿಕೊಂಡು ಹೊರಗೆ ಹೋದ. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ಸೊಸೆ ಒಳ್ಳೆಯವಳು, ಒಂದು ಕೆಟ್ಟ ಮಾತು ಆಡಿಲ್ಲ. ಆದರೆ ಮರುದಿನದಿಂದ ನನ್ನ ಲೋಟ ಬೇರೆ ಕಡೆ ಇದೆ, ಕಿಟಕಿಯ ಹತ್ತಿರ, ಒಂದೇ. ಲೋಟದಿಂದ ಬರುವುದಿಲ್ಲ ಎಂದು ಕೇಂದ್ರದ ಪರವಾಗಿ ಬೀದಿ ಬೀದಿಯಲ್ಲಿ ನಿಂತು ನೂರಾರು ಜನರಿಗೆ ಹೇಳಿದವಳು ನಾನು. ಸ್ವಂತ ಅಡುಗೆಮನೆಯಲ್ಲಿ ನಿಂತು ಹೇಳಲು ಬಾಯಿ ಬರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹೊಲಿಗೆ ಯಂತ್ರದ ಮೇಲೆ, ಕತ್ತರಿಯ ಕೆಳಗೆ, ಒಪ್ಪಿಗೆಯ ಕಾಗದ ಇತ್ತು. ಸಹಿ ಹಾಕಿದ್ದ. ಒಂದು ಮಾತು ಬರೆದಿರಲಿಲ್ಲ. ಆದರೂ ಹಾಕಿದ್ದ. ನಾನು ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದೆ.

ನರ್ಸಮ್ಮ ಕಂಪ್ಯೂಟರಿನಲ್ಲಿ ನೋಡಿದಳು. ಮತ್ತೊಮ್ಮೆ ನೋಡಿದಳು. “ಅಮ್ಮ, ನೂರಾ ಹದಿನೆಂಟು ದಾಸ್ತಾನಿನಲ್ಲಿಲ್ಲ. ಜೂನ್ ಮೂರರ ತಪಾಸಣೆಯಲ್ಲಿ ಸಿಗಲಿಲ್ಲ ಅಂತ ಬರ್ದಿದ್ದಾರೆ,” ಎಂದಳು.

ಕನ್ನಡಕದ ಹುಡುಗಿ ನನ್ನ ಕೈ ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ಒಂದೆರಡು ಹೀಗಾಗುತ್ತವೆ ಎಂದಳು. ನಾನು ಬೆಂಚಿನ ಮೇಲೆ ಕೂತೆ. ಹದಿನೆಂಟು ವರ್ಷದ ಹಿಂದೆ, ಅವರು ಹೋದ ದಿನ, ಕೂತ ಬೆಂಚೇ ಇರಬೇಕು.

ಮೂರನೆಯ ಟ್ಯಾಂಕು, ಏಳನೆಯ ಚೌಕಟ್ಟು. ನೀವೇ ಮುಚ್ಚಳ ಎತ್ತಿ ನೋಡಿದ್ದಿರಲ್ಲ ತಮ್ಮಾ. ಎಲ್ಲಿ ಹೋದರು ಅವರು?

ಅಕ್ಕ


ಜುಲೈ ೬

ಅಕ್ಕಾ,

ಅವರು ಎಲ್ಲೂ ಹೋಗಿಲ್ಲ. ನಾನು ಬಚ್ಚಿಟ್ಟಿದ್ದೇನೆ.

ನಿಮ್ಮ ಮೇ ತಿಂಗಳ ಕಾಗದ ಓದಿದ ಮೇಲೆ ನನಗೆ ಬೇರೇನೂ ಹೊಳೆಯಲಿಲ್ಲ. ಸೀಸೆಯೇ ಇಲ್ಲವೆಂದಾದರೆ ಯಾರೂ ನಿಮ್ಮನ್ನು ಕೇಳುವುದಿಲ್ಲ. ನೀವು ಮಗನಿಗೆ ಹೇಳಬೇಕಾಗುವುದಿಲ್ಲ, ಇಲ್ಲ ಎನ್ನುವ ಪಾಪವೂ ನಿಮ್ಮ ತಲೆಗೆ ಬರುವುದಿಲ್ಲ. ವರ್ಷದ ತಪಾಸಣೆ ನಾನೊಬ್ಬನೇ ಮಾಡುವುದು. ಒಂಬತ್ತನೆಯ ಗೂಡಿನಿಂದ ತೆಗೆದು, ಐದನೆಯ ಟ್ಯಾಂಕಿನ ತಳದಲ್ಲಿ ಖಾಲಿ ಪೆಟ್ಟಿಗೆಯೊಂದರಲ್ಲಿ ಇಟ್ಟೆ. ಸ್ಥಳಾಂತರಕ್ಕೆ ಹದಿನೈದು ಸೆಕೆಂಡು, ಚಳಿ ತಪ್ಪಿಲ್ಲ. ಆಮೇಲೆ ದಾಖಲೆಯಲ್ಲಿ ‘ಸಿಗಲಿಲ್ಲ’ ಎಂದು ಬರೆದೆ. ಹನ್ನೊಂದು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ಅದು.

ನಿಮ್ಮನ್ನು ಕೇಳಬೇಕಿತ್ತು. ಕೇಳದೆ ಮಾಡಿದೆ. ಇಡೀ ಕೇಂದ್ರದಲ್ಲಿ ಯಾವುದನ್ನು ಮಾಡಬಾರದು ಎಂದು ನೀವು ಮೇಜು ಕುಟ್ಟಿದಿರೋ ಅದನ್ನೇ ನಾನು ನಿಮಗೇ ಮಾಡಿದೆ. ನನಗೂ ಒಂದು ಸ್ವಾರ್ಥವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಸೀಸೆ ಇರುವವರೆಗೆ ನೀವು ಬರೆಯುತ್ತೀರಿ ಎನ್ನಿಸಿತ್ತು.

ಇದನ್ನು ನರ್ಸಮ್ಮನ ಕೈಗೆ ಕೊಟ್ಟು ನೇರ ನಿರ್ದೇಶಕರ ಕೋಣೆಗೆ ಹೋಗುತ್ತೇನೆ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಸೀಸೆ ಮಾತ್ರ ಉಳಿದಿದೆ.

ಉಗ್ರಾಣದವನು


ಜುಲೈ ೧೮

ಉಗ್ರಾಣದವರಿಗೆ,

ಹನ್ನೆರಡು ದಿನ ನಿಮಗೆ ಬರೆಯಬಾರದು ಎಂದೇ ಇದ್ದೆ.

ಬಚ್ಚಿಡುವುದು ಎಂದರೇನು ಎಂದು ನನಗೆ ಹೇಳಿಕೊಡಬೇಡಿ. ಹದಿನೆಂಟು ವರ್ಷ ಅದೇ ಕಸುಬು ಮಾಡಿದ್ದೇನೆ. ಮಗನಿಗೆ ನೋವಾಗಬಾರದೆಂದು ಮುಚ್ಚಿಟ್ಟೆ. ನನಗೆ ನೋವಾಗಬಾರದೆಂದು ನೀವು ಮುಚ್ಚಿಟ್ಟಿರಿ. ಅವನ ಮುಖ ಅವತ್ತು ಯಾಕೆ ಹಾಗಾಯಿತೆಂದು ನಿಮ್ಮ ಕಾಗದ ಓದಿದ ಮೇಲೆ ನನಗೆ ಗೊತ್ತಾಯಿತು. ಅದಕ್ಕೆ ನಿಮಗೆ ಉಪಕಾರ ಹೇಳಬೇಕೋ ಬಯ್ಯಬೇಕೋ! ಎರಡನೆಯದನ್ನೇ ಮಾಡುತ್ತೇನೆ. ಆ ಬೆಂಚಿನ ಮೇಲೆ ನಾನು ಇನ್ನೊಮ್ಮೆ ವಿಧವೆಯಾದೆ. ಅದನ್ನು ನೀವು ತುಂಬಿಕೊಡಲಾರಿರಿ.

ಸಮಿತಿಗೆ ವಿಷಯ ಬಂತು. ನನಗೆ ಸಂಬಂಧಪಟ್ಟದ್ದಾದ್ದರಿಂದ ಹೊರಗೆ ಕೂರುತ್ತೇನೆ ಎಂದೆ, ಅವರು ಬಿಡಲಿಲ್ಲ. ನಿಮ್ಮನ್ನು ಏನು ಮಾಡಬೇಕೆಂದು ನಿರ್ದೇಶಕರು ಎಲ್ಲರನ್ನೂ ಕೇಳಿದರು. ಒಬ್ಬರು ತೆಗೆದುಹಾಕಿ ಎಂದರು. ನಾನು ಒಂದೇ ಮಾತು ಹೇಳಿದೆ: ಸುಳ್ಳಿಗೆ ಏನು ಶಿಕ್ಷೆಯೋ ನೀವು ಕೊಟ್ಟುಕೊಳ್ಳಿ, ಆದರೆ ಆ ಸೀಸೆಯನ್ನು ಹೊರಗೆ ತೆಗೆಯುವುದು, ಕರಗಿಸುವುದು ಆತನೇ ಮಾಡಬೇಕು. ಅದು ಎಲ್ಲಿದೆ ಎಂದು ತಿಳಿದು ಕಾದವನು ಆತನೊಬ್ಬ.

ತಪಾಸಣೆಯನ್ನು ಇನ್ನು ಒಬ್ಬರೇ ಮಾಡುವಂತಿಲ್ಲ. ಪ್ರಶ್ನೆ ಡಬ್ಬಿಗೂ ಒಬ್ಬರೇ ಉತ್ತರ ಬರೆಯುವಂತಿಲ್ಲ, ಇಬ್ಬರು ಓದಿ ಸಹಿ ಹಾಕಬೇಕು. ಈ ತರಹದ ಕಾಗದಗಳು ಇನ್ನು ನಡೆಯುವುದಿಲ್ಲ. ಈ ನಿಯಮಕ್ಕೂ ನಾನು ಕೈ ಎತ್ತಿದೆ. ಸರಿಯಾದ ನಿಯಮ. ಕೊನೆಯದಾಗಿ ನಿಮ್ಮಿಂದ ಒಂದು, ನನ್ನಿಂದ ಒಂದು ಕಾಗದಕ್ಕೆ ಮಾತ್ರ ನರ್ಸಮ್ಮ ಅನುಮತಿ ಕೇಳಿ ಇಟ್ಟಿದ್ದಾಳೆ.

ಕತ್ತರಿಸಿದ ಉಣ್ಣೆ ಬಟ್ಟೆ ಹಾಗೇ ಬಿದ್ದಿದೆ.

ನೂರಾ ಹದಿನೇಳು


ಆಗಸ್ಟ್ ೩೦

ಅಕ್ಕಾ,

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ತೆಗೆದೆವು. ಆಗಿದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ನಿರ್ದೇಶಕರು, ಡಾಕ್ಟರಮ್ಮ, ನರ್ಸಮ್ಮ ಮೂವರೂ ನಿಂತಿದ್ದರು. ಸೀಸೆಯನ್ನು ತೆಗೆದು ಒಣ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಮೇಲೆ ಒಯ್ದೆ. ಕರಗಿಸಲು ಬೆಚ್ಚಗಿನ ನೀರಿನ ತೊಟ್ಟಿ ಇರುತ್ತದೆ. ಅದರ ಬಿಸಿ ಮೂವತ್ತೇಳು ಡಿಗ್ರಿ, ಮನುಷ್ಯನ ಮೈ ಬಿಸಿಯಷ್ಟೇ. ಸೀಸೆಯ ಕತ್ತು ಹಿಡಿದು ನೀರಿನಲ್ಲಿ ಮೆಲ್ಲಗೆ ತೂಗಬೇಕು. ನಾನು ಎರಡೂ ಕೈಯಲ್ಲಿ ಹಿಡಿದೆ. ನರ್ಸಮ್ಮ ಮೊಣಕೈ ಹಿಡಿದುಕೊಂಡಳು. ಎರಡು ನಿಮಿಷ ಆಗಲಿಲ್ಲ, ಬಿಳಿಯ ಗಡ್ಡೆ ಅಂಚಿನಿಂದ ಕರಗಿ, ನಡುವೆ ಸಾಸಿವೆಯಷ್ಟು ಹರಳು ಉಳಿದು, ಅದೂ ಹೋಯಿತು. ನೀಲಿ ಶಾಯಿಯ ಬರಹ ನೀರಿಗೆ ಬಿಡಲಿಲ್ಲ. ಆ ಚೀಟಿಯನ್ನು ನಿಮಗೆ ಕೊಡಬಹುದೇ ಎಂದು ಕೇಳಿದೆ. ಕೂಡದು ಎಂದರು.

ಆಮೇಲೆ ಎಣಿಕೆ. ಒಂದು ಹನಿಗೆ ನೀಲಿ ಬಣ್ಣ ಸೇರಿಸಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಸತ್ತ ಕಣ ಬಣ್ಣವನ್ನು ಒಳಗೆ ಬಿಟ್ಟುಕೊಂಡು ನೀಲಿಯಾಗುತ್ತದೆ. ಬದುಕಿರುವ ಕಣ ಬಿಟ್ಟುಕೊಳ್ಳುವುದಿಲ್ಲ, ಹಾಗೇ ಹೊಳೆಯುತ್ತಿರುತ್ತದೆ. ಡಾಕ್ಟರಮ್ಮ ಎಣಿಸಿದಳು. ಎದ್ದು ತನ್ನ ಜಾಗದಲ್ಲಿ ನನ್ನನ್ನು ಕೂರಿಸಿದಳು. ಹನ್ನೊಂದು ವರ್ಷದಲ್ಲಿ ನಾನು ಸೀಸೆಯ ಒಳಗಿನದನ್ನು ನೋಡಿದ್ದು ಅದೇ ಮೊದಲು.

ಅಕ್ಕಾ, ನೂರಕ್ಕೆ ಎಂಬತ್ತೊಂದು ಬದುಕಿದ್ದವು.

ಇಪ್ಪತ್ತು ವರ್ಷ ಅಂಥ ಚಳಿಯಲ್ಲಿ ಇದ್ದು ಬದುಕಿದ್ದವು. ಡಾಕ್ಟರಮ್ಮನ ಹುಡುಕಾಟದಿಂದ ಏನು ಸಿಗುತ್ತದೆಂದು ಈಗಲೇ ಹೇಳಲಾಗದು, ಎರಡು ವರ್ಷವಾದರೂ ಬೇಕಂತೆ. ಏನೂ ಸಿಗದೆಯೂ ಇರಬಹುದು. ಸಿಕ್ಕರೆ ಅಚ್ಚಿಗೆ ಹೋಗುವ ಮೊದಲು ಸಮಿತಿಗೆ ತಿಳಿಸುತ್ತಾಳೆ. ನಿಮ್ಮ ನಿಯಮವೇ ಅದು.

ನನ್ನ ಕೆಲಸ ಹೋಗಲಿಲ್ಲ. ಬೀಗದ ಕೈ ಹೋಯಿತು. ಮೇಲಿನ ಮಹಡಿಯಲ್ಲಿ ಚೀಟಿ ಅಚ್ಚು ಹಾಕುವ ಯಂತ್ರದ ಮುಂದೆ ಕೂರಿಸಿದ್ದಾರೆ, ಒಂದು ವರ್ಷ. ಇಲ್ಲಿ ಕಿಟಕಿಯಿದೆ. ಜನ ಬಂದುಹೋಗುವುದು ಕಾಣಿಸುತ್ತದೆ. ನೀವು ಯಾರೆಂದು ಗೊತ್ತಾಗುವುದಿಲ್ಲ, ಹುಡುಕುವುದೂ ಇಲ್ಲ, ಮಾತು ಕೊಡುತ್ತೇನೆ. ನಿಮ್ಮ ಕಾಗದಗಳಿಲ್ಲದ ದಿನಗಳು ಬಹಳ ಉದ್ದವಾಗಿವೆ.

ನಿಮ್ಮ ನಂಬಿಕೆ ಕೆಡಿಸಿದವನು,
ತಮ್ಮ


ಸೆಪ್ಟೆಂಬರ್ ೧೬

ತಮ್ಮಾ,

ಇದರ ಜೊತೆ ಒಂದು ಪೊಟ್ಟಣವಿದೆ. ಹೆಬ್ಬೆರಳನ್ನು ಗೀಟಿಗಿಂತ ಸಣ್ಣದು ಮಾಡಿದ್ದೇನೆ. ಬೀಗದ ಕೈ ವಾಪಸು ಬರುವವರೆಗೆ ಇಟ್ಟುಕೊಂಡಿರಿ. ಅರ್ಧ ಮುನಿಸು ಇನ್ನೂ ಇದೆ, ಅದು ಹೊಲಿಗೆಯಲ್ಲಿ ಕಾಣುವುದಿಲ್ಲ.

ಲೋಟ ಇನ್ನೂ ಕಿಟಕಿಯ ಹತ್ತಿರವೇ ಇದೆ. ಮಗ ಎರಡೂವರೆ ತಿಂಗಳಿಂದ ಮಾತಾಡಿರಲಿಲ್ಲ. ಕೆಲಸಕ್ಕೆ ಹೋಗುವಾಗ ಬಾಗಿಲು ಎಳೆದುಕೊಳ್ಳುವ ಸದ್ದಿನಿಂದಲೇ ಬೆಳಿಗ್ಗೆ ಎಂದು ನನಗೆ ತಿಳಿಯುತ್ತಿತ್ತು. ಒಂದೇ ಸೂರಿನ ಕೆಳಗೆ ಇಷ್ಟು ಒಂಟಿಯಾಗಿರಬಹುದು ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಆಮೇಲೆ ಹೊಲಿಗೆ ಯಂತ್ರದ ಮೇಲೆ, ಅವನು ಒಪ್ಪಿಗೆ ಕಾಗದ ಇಟ್ಟ ಜಾಗದಲ್ಲೇ, ಕತ್ತರಿಯ ಕೆಳಗೆ ಇಟ್ಟೆ. ಮೂರು ದಿನ ಅಲ್ಲೇ ಇತ್ತು. ನಾಲ್ಕನೆಯ ದಿನ ಸಂಜೆ ನಾನು ನಿಮ್ಮ ಕೈಗವಸಿನ ಕಿರುಬೆರಳಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದೆ. ಮಗ ಬಂದು ಬಾಗಿಲಲ್ಲಿ ನಿಂತ. ಕೈಯಲ್ಲಿ ಕಾಗದವಿತ್ತು.

“ಎಂಬತ್ತೊಂದಾ?” ಎಂದ.

“ಹೂಂ,” ಎಂದೆ.

ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟ.

“ನಂಗೆ ಲೆಕ್ಕದಲ್ಲಿ ಎಂಬತ್ತೊಂದು ಬಂದಾಗ, ಮಿಕ್ಕಿದ ಹತ್ತೊಂಬತ್ತು ಎಲ್ಲೋ ಹೋಯ್ತು ಅಂತ ಕೇಳಿದ್ರು ಅಪ್ಪ.”

ನನಗೆ ಸೂಜಿ ಚುಚ್ಚಿತು. ಈ ಸಲ ನಿಜವಾಗಿಯೂ ಚುಚ್ಚಿತು. ಅವನು ನೋಡಿದ, ಬೆರಳಲ್ಲಿ ಒಂದು ಹನಿ ನಿಂತಿತ್ತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಅವನು ಮೇಜಿನ ಮೇಲಿದ್ದ ಬಟ್ಟೆಯ ಚೂರೊಂದನ್ನು ತೆಗೆದುಕೊಂಡು ಕೈ ಚಾಚಿದ.

“ಕೊಡಮ್ಮ ಇಲ್ಲಿ,” ಎಂದ.

ಕೊಟ್ಟೆ.

ಅಕ್ಕ